ಗಂಟು ಹಾಕಿದ ವೈರುಗಳು

ಅತ್ತಿಗೆಗೆ ನಮಸ್ಕಾರ.

ಅಣ್ಣ ತೀರಿಕೊಂಡಾಗ ಅರ್ಧಕ್ಕೆ ನಿಂತಿದ್ದ ಆಸ್ಪತ್ರೆಯ, ನೀರು ಹರಿಸಿ ತಣಿಸುವ ದೊಡ್ಡ ಎ.ಸಿ.ಯ ಕೆಲಸ ಇವತ್ತು ಮುಗಿಯಿತು. ಅವನು ವೈರುಗಳ ಮೇಲೆ ಏನನ್ನೂ ಬರೆದಿರಲಿಲ್ಲ, ಬಟ್ಟೆಯ ಚೂರು ಕಟ್ಟಿದ್ದನಷ್ಟೆ. ಮೇಲ್ವಿಚಾರಕರು ನೋಡಿ, “ಆಸ್ಪತ್ರೆ ಅಂತ ವೈರುಗಳಿಗೂ ಪಟ್ಟಿ ಕಟ್ಟಿದಾರಲ್ರೀ ನಿಮ್ಮಣ್ಣ! ಎಲ್ಲಾ ಕಿತ್ತು ಹೊಸದಾಗಿ ಎಳೀರಿ” ಎಂದರು. ಸ್ವಲ್ಪ ತಡೆಯಿರಿ ಎಂದು ಕೇಳಿಕೊಂಡೆ.

ಆ ಬಟ್ಟೆ ನಿಮ್ಮ ಹಳದಿ ಹೂವಿನ ದಿಂಬಿನ ಕವರು. ಜೋಡಿಯಲ್ಲಿ ಒಂದು ಕಾಣೆಯಾಯಿತೆಂದು ಅವನನ್ನು ಬೈದಿದ್ದಿರಿ. ನೀರಿನ ಪಂಪಿನ ವೈರಿಗೆ ಒಂದು ಗಂಟು, ಆ ನೀರನ್ನು ಆರಿಸುವ ಕೂಲಿಂಗ್ ಟವರಿನ ಫ್ಯಾನಿಗೆ ಎರಡು, ಕಂಪ್ರೆಸರಿಗೆ ಮೂರು. ಮೊದಲು ನೀರು ಹರಿಯಬೇಕು, ಕಂಪ್ರೆಸರ್ ಕೊನೆಗೆ ಎಂದು ಊಟಕ್ಕೆ ಕೂತಾಗಲೂ ಹೇಳುತ್ತಿದ್ದನಲ್ಲ. ಗಂಟಿನ ಪ್ರಕಾರವೇ ಜೋಡಿಸಿ, ಸ್ವಿಚ್ಚುಗಳ ಪ್ಯಾನೆಲ್‌ನಲ್ಲೂ ಚಾಲೂ ಆಗಲು ಅದೇ ಕ್ರಮ ಹಾಕಿದೆ. ಎಲ್ಲ ಸರಿಯಾಗಿ ಓಡಿತು. ಅವನು ಎಳೆದ ಒಂದು ವೈರನ್ನೂ ಕೀಳಲಿಲ್ಲ.

ಆದರೆ ಬಟ್ಟೆ ತೆಗೆದು ಅಚ್ಚಿನ ಚೀಟಿ ಹಾಕಲೇಬೇಕಂತೆ. ಗಂಟು ಬಿಚ್ಚದೆ, ವೈರಿನ ತುದಿಯನ್ನಷ್ಟೇ ಕಳಚಿ, ಅಲ್ಲಿಂದ ಜಾರಿಸಿ ತೆಗೆದು ಮತ್ತೆ ಜೋಡಿಸಿದೆ. ಆ ಚೂರುಗಳನ್ನು ಈ ಲಕೋಟೆಯಲ್ಲಿ ಇಟ್ಟಿದ್ದೇನೆ. ಅವನ ಕೈಯ ಗ್ರೀಸ್ ಅಂಟಿದೆ. ಜೋಡಿಯ ಇನ್ನೊಂದು ದಿಂಬಿನ ಕವರಿನ ಜೊತೆ ಎತ್ತಿಡಿ, ಒಗೆಯಬೇಡಿ.

ನಿಮ್ಮ ಮೈದುನ