ಲೈಸೆನ್ಸಿಲ್ಲದವನ ಮೋಟಾರಿಗೆ ವಿಮೆ

ತಮ್ಮ ಚೌಡೇಶ,

ನೀನು ಏಳುವ ಹೊತ್ತಿಗೆ ನಾನು ಮಾರುವ ಸೀರೆಗಳ ಗಂಟಿನ ಜೊತೆ ಎತ್ತಿನ ಗಾಡಿಯಲ್ಲಿ ಚಳ್ಳಕೆರೆ ದಾರಿ ಹಿಡಿದಿರುತ್ತೇನೆ. ಮನೆ ಮುಂದೆ ಮೋಟಾರು ನಿಲ್ಲಿಸಿಕೊಂಡು ಗಾಡಿಯಲ್ಲಿ ಹೋಗುವ ಭಾಗ್ಯ ಎಷ್ಟು ಜನ ಅಣ್ಣಂದಿರಿಗೆ ಸಿಗುತ್ತದೆ!

ಅಲ್ಲಿ ವಿಮೆ ಏಜೆಂಟರನ್ನು ಮತ್ತೆ ಕಾಣಬೇಕು. ಲೈಸೆನ್ಸು ಅಮಾನತಾದವನನ್ನು ನಂಬಿ ಯಾವ ಕಂಪನಿಯೂ ವಿಮೆ ಕೊಡುವುದಿಲ್ಲವಂತೆ. ಬೇರೆ ಡ್ರೈವರನ್ನು ಇಟ್ಟರೆ ಕೊಡುತ್ತಾರಂತೆ, ಆದರೆ ನೀನು ಒಮ್ಮೆ ಓಡಿಸಿದರೂ ರದ್ದು. ಮೋಟಾರಿನ ಮೂತಿಗೆ ನೀನು ಕಟ್ಟಿರುವ ನಿಂಬೆಹಣ್ಣನ್ನು ಅವರು ವಿಮೆ ಎಂದು ಒಪ್ಪುವುದಿಲ್ಲ. ಕೇಳಿ ನೋಡಿದ್ದೇನೆ.

ಬೆಳಿಗ್ಗೆ ಪಾಲಣ್ಣ ಬರುತ್ತಾನೆ, ದೇವರ ಎತ್ತು ಕಾಯುವ ಕಿಲಾರಿ. ಆ ಎತ್ತುಗಳು ರಸ್ತೆ ದಾಟುವಾಗ ಅಮಲ್ದಾರರ ಕುದುರೆಯೂ ನಿಲ್ಲುತ್ತದೆ. ನೀನು ಮಾತ್ರ ಹಾರನ್ ಹೊಡೆದು ಅವನ್ನು ದಿಕ್ಕಾಪಾಲು ಮಾಡಿ, ಮೋಟಾರನ್ನು ಬೇವಿನ ಮರಕ್ಕೆ ಗುದ್ದಿಸಿ, ಲೈಸೆನ್ಸನ್ನೂ ಕಳೆದುಕೊಂಡೆ. "ದಂಡ ಏನೂ ಬ್ಯಾಡ ಗುರುಸ್ವಾಮಣ್ಣ, ಲೈಸೆನ್ಸು ಬರೋತಂಕ ನಮ್ಮ ಜತೆ ಬರಿಗಾಲಲ್ಲಿ ಎತ್ತು ಕಾಯ್ಲಿ" ಅಂತ ಪಾಲಣ್ಣನೇ ಅಂದ. ಒಪ್ಪಿಕೊಂಡಿದ್ದೇನೆ. ಚಪ್ಪಲಿ ಮನೆಯಲ್ಲೇ ಬಿಟ್ಟು ಹೋಗು. ಬಾಯಲ್ಲೂ ಹಾರನ್ ಊದಬೇಡ.

ಅವ್ವ ರೊಟ್ಟಿ ಕಟ್ಟಿಟ್ಟಿದ್ದಾಳೆ. ಸಂಜೆ ಅಂಗಾಲಿಗೆ ಹರಳೆಣ್ಣೆ ಬೆಚ್ಚಗೆ ಮಾಡಿ ಕೊಡಲು ಅವಳಿಗೆ ನಾನೇ ಹೇಳಿದ್ದೇನೆ. ಕುಣಿದಾಡಬೇಡ, ಇದು ಕ್ಷಮೆಯಲ್ಲ.

ಮೋಟಾರನ್ನು ಒರೆಸು, ಬೇಕಾದರೆ ಒಳಗೆ ಕೂತು ಕನಸು ಕಾಣು. ಅದನ್ನು ಚಾಲೂ ಮಾಡುವ ಹ್ಯಾಂಡಲ್ ಮಾತ್ರ ಹುಡುಕಬೇಡ. ಸೀರೆ ಗಂಟಿನೊಳಗೆ ಅದೂ ನನ್ನ ಜೊತೆ ಚಳ್ಳಕೆರೆಗೆ ಬರುತ್ತಿದೆ. ಸದ್ಯಕ್ಕೆ ನಮ್ಮ ಮೋಟಾರಿಗೆ ಸಿಕ್ಕಿರುವ ವಿಮೆ ಅದೊಂದೇ.

ಗುರುಸ್ವಾಮಿ