ಕೈತಪ್ಪಿದ ಗಾಡಿ

ಮಾರ್ಚ್ ೯, ಭಾನುವಾರ

ಇಬ್ಬರೂ ಕೂರುವ ಹೊಸ ಸ್ಟ್ರಾಲರ್‌ನಲ್ಲಿ ಮಗಳನ್ನೂ ಪುಟ್ಟನನ್ನೂ ಕೂರಿಸಿಕೊಂಡು ಸಂಜೆ ಪಾರ್ಕಿಗೆ ಹೋಗಿದ್ದೆ. ಇಳಿಜಾರಿನಲ್ಲಿ ಪುಟ್ಟನ ಟೋಪಿ ಹಾರಿತು. ಬ್ರೇಕ್ ಹಾಕಿದ್ದೇನೆ ಅಂದುಕೊಂಡು ಅದನ್ನು ಎತ್ತಿಕೊಳ್ಳಲು ಹೋದೆ. ತಿರುಗಿ ನೋಡಿದರೆ ಗಾಡಿ ರಸ್ತೆಯ ಕಡೆಗೆ ಓಡುತ್ತಿದೆ! ಜೀವ ಬಾಯಿಗೆ ಬಂತು. ಟೋಪಿಯನ್ನು ಅಲ್ಲೇ ಬಿಟ್ಟು ಅಳುತ್ತಾ ಅದರ ಹಿಂದೆ ಓಡಿದೆ.

ಗೇಟಿನ ಬಳಿ ಬಲೂನು ಮಾರುತ್ತಿದ್ದ ಹೆಂಗಸು ಬಲೂನುಗಳನ್ನೆಲ್ಲ ಗಾಳಿಗೆ ಬಿಟ್ಟು, ಅಡ್ಡ ನಿಂತು ಎರಡೂ ಕೈಯಲ್ಲಿ ಗಾಡಿಯನ್ನು ಹಿಡಿದುಕೊಂಡಳು.

"ಅಳ್ಬೇಡಮ್ಮ, ಮಕ್ಕಳಿಗೇನೂ ಆಗಿಲ್ಲ."

ಪುಟ್ಟ ಕೇಕೆ ಹಾಕಿ ನಗುತ್ತಿದ್ದ. ಅವನ ಅಕ್ಕ ನನ್ನನ್ನೇ ದಿಟ್ಟಿಸಿದಳು.

"ಅಮ್ಮ, ನೀನೇ ತಳ್ಳಿದ್ಯಾ?"

"ಇಲ್ಲ ಕಂದಾ..."

ಮನೆ ಮುಟ್ಟುವವರೆಗೂ ಅವಳು ಮತ್ತೆ ಗಾಡಿ ಹತ್ತಲಿಲ್ಲ. ನನ್ನ ಕೈಯನ್ನೂ ಹಿಡಿಯಲಿಲ್ಲ.