ನಿನ್ನ ನಂತರ ಯಾರು, ಅಕ್ಕ?

ನನ್ನ ಸಾವಿತ್ರಕ್ಕನಿಗೆ,

ಆಸ್ಪತ್ರೆಯಲ್ಲಿ ನನ್ನ ಕೈ ಹಿಡಿದುಕೊಂಡು, "ಗಿರಿಜಾ, ನಮ್ ರೂಪನ್ನ ನೋಡ್ಕೋ ಕಣೇ" ಅಂದೆಯಲ್ಲ, ಆ ಮಾತನ್ನು ನಾನೊಬ್ಬಳೇ ಕೇಳಿಸಿಕೊಂಡಿದ್ದರೆ ಚೆನ್ನಾಗಿತ್ತು. ಮಂಚದ ಆ ಪಕ್ಕದಲ್ಲಿ ನಿನ್ನ ಮಗ ಮಂಜ ನಿಂತಿದ್ದ. ನಿನ್ನ ತಿಥಿ ಮುಗಿಯುವ ಹೊತ್ತಿಗೆ ಆ ಮಾತು ಊರೆಲ್ಲ ಸುತ್ತಿ ಬಂದು, "ಅಮ್ಮ ಸಾಯೋವಾಗ ಸೊಸೇನೇ ಅಧ್ಯಕ್ಷೆ ಮಾಡು ಅಂತ ಗಿರಿಜಕ್ಕನ ಹತ್ರ ಮಾತು ತಗೊಂಡ್ರು" ಅಂತಾಗಿತ್ತು. ಅಧ್ಯಕ್ಷೆಯಾಗಿದ್ದ ನೀನು ಆಗ ಪಂಚಾಯ್ತಿಯ ಹೆಸರನ್ನೇ ಎತ್ತಿರಲಿಲ್ಲ. ನೋಡ್ಕೋ ಅಂದಿದ್ದೆ, ಅಷ್ಟೇ. ಅವಳು ಹೊಟ್ಟೆಗೆ ಸರಿಯಾಗಿ ತಿನ್ನುತ್ತಾಳಾ ಅಂತ ನೋಡ್ಕೋ ಅಂತಲೋ, ಮಂಜನ ಸಿಟ್ಟಿನಿಂದ ಕಾಪಾಡು ಅಂತಲೋ, ಇಲ್ಲಾ ಊರವರು ಹೇಳಿದ ಹಾಗೇ... ಈಗ ಯಾರನ್ನು ಕೇಳಲಿ?

ಚುನಾವಣೆ ಬಂದಾಗ ನಿನ್ನ ವಾರ್ಡಿಗೆ ರೂಪ ನಿಂತಳು. ನಿಂತಳು ಅನ್ನುವುದಕ್ಕಿಂತ ಮಂಜ ನಿಲ್ಲಿಸಿದ ಅನ್ನಬೇಕು. ಪೋಸ್ಟರಿನಲ್ಲಿ ಅವಳ ಫೋಟೋಗಿಂತ ನಿನ್ನ ಫೋಟೋ ದೊಡ್ಡದಿತ್ತು. ಗೆದ್ದಳು. ನನ್ನ ವಾರ್ಡಿನಲ್ಲಿ ನಾನೂ ಗೆದ್ದೆ. ಬಸ್‌ಸ್ಟ್ಯಾಂಡಿನ ಪಕ್ಕ ಹೊಲಿಗೆ ಅಂಗಡಿ ಇಟ್ಟುಕೊಂಡಿರುವ ಶಂಶಾದಳೂ ಗೆದ್ದು, ಈ ಸಲ ನಮ್ಮ ಕಡೆಗೇ ಬಂದಳು. ಮೂಗು ಮುರಿಯಬೇಡ. ನಮ್ಮ ಕಡೆಯವರು ಎದುರಿನವರಿಗಿಂತ ಒಬ್ಬರೇ ಹೆಚ್ಚು, ಬರುವವರನ್ನು ಬೇಡ ಅನ್ನುವ ಹಾಗಿರಲಿಲ್ಲ. ಅಧ್ಯಕ್ಷ ಸ್ಥಾನ ಮತ್ತೆ ಮಹಿಳೆಗೇ ಬಂದಿತ್ತು. ನಾವು ಯಾರ ಹೆಸರು ಹೇಳುತ್ತೇವೋ ಅವಳೇ ಅಧ್ಯಕ್ಷೆ, ನಮ್ಮಲ್ಲಿ ಒಬ್ಬರೂ ಆಚೆ ಜಾರದಿದ್ದರೆ.

ಜಾರಬಾರದು ಅಂತಲೇ ರಂಗಣ್ಣ ನಮ್ಮನ್ನೆಲ್ಲ ಟಿ.ಟಿ. ಗಾಡಿ ಹತ್ತಿಸಿದ. ನಿನ್ನ ಕಾಲದಿಂದಲೂ ನಮ್ಮ ಗುಂಪನ್ನು ನಡೆಸುವವನು ಅವನೇ ಅಲ್ಲವೇ? ಈ ಸಲ ಅವನೂ ಸದಸ್ಯ. ಕಡೂರು, ಬೀರೂರು, ಲಿಂಗದಹಳ್ಳಿ ದಾಟಿ ಕೆಮ್ಮಣ್ಣುಗುಂಡಿಯ ಹತ್ತಿರ ಒಂದು ಹೋಂಸ್ಟೇಗೆ ಕರೆದುಕೊಂಡು ಹೋದ. ಗಾಡಿಯಲ್ಲೇ ಎಲ್ಲರ ಮೊಬೈಲುಗಳನ್ನೂ ಇಸಿದುಕೊಂಡು ಒಂದು ಬಟ್ಟೆಯ ಚೀಲಕ್ಕೆ ಹಾಕಿದ. ಟೀವಿಯಲ್ಲಿ ಎಮ್ಮೆಲ್ಲೆಗಳನ್ನು ಹೀಗೆ ಬಸ್ಸಿನಲ್ಲಿ ಕೊಂಡೊಯ್ಯುವುದನ್ನು ನೋಡಿ ನಾವಿಬ್ಬರೂ ಎಷ್ಟು ನಕ್ಕಿದ್ದೆವು, ನೆನಪಿದೆಯಾ? ಈ ಸಲ ನಗು ಬರಲಿಲ್ಲ. ಪ್ರತಿ ತಿರುವಿಗೂ ಮಂಡಿ ಹಿಡಿದುಕೊಳ್ಳುತ್ತಿತ್ತು. ಹೆಂಗಸರ ಜೊತೆಗೆ ಗಂಡಂದಿರೂ ಬಂದಿದ್ದರು. ಗೆದ್ದವರು ಯಾರು, ಜೊತೆಗೆ ಬಂದವರು ಯಾರು ಅಂತ ನೋಡಿದವರಿಗೆ ಗೊತ್ತಾಗುವ ಹಾಗಿರಲಿಲ್ಲ.

ಮಾರನೆಯ ಬೆಳಿಗ್ಗೆ ಇಡ್ಲಿ ತಿನ್ನುವಾಗ ರಂಗಣ್ಣ ಮಾತು ತೆಗೆದ. "ಇದ್ರಲ್ಲಿ ಮಾತಾಡಾಕೆ ಏನೈತೆ? ರೂಪಮ್ಮನೇ ಆಗ್ಲಿ. ಸಾವಿತ್ರಮ್ಮನ ಹೆಸರೈತೆ. ಮಂಜ ಓಡಾಡ್ಕೊಂಡು ನೋಡ್ಕೊತಾನೆ." ಮಂಜ ಆಗಲೇ ಅಧ್ಯಕ್ಷನಾದವನ ಹಾಗೆ ಕೂತಿದ್ದ. ನಮ್ಮ ಕಡೆಯ ಇನ್ನೊಬ್ಬ ಸದಸ್ಯೆ ಕಮಲಮ್ಮ ಮಾತ್ರ, "ಗಿರಿಜಕ್ಕ ಸೀನಿಯರ್ರು, ಉಪಾಧ್ಯಕ್ಷೆ ಆಗಿದ್ದೋರು" ಅಂದಳು. ನನಗೆ ಆಸೆಯೇ ಇರಲಿಲ್ಲ ಅಂದರೆ ನೀನು ನಂಬುವುದಿಲ್ಲ. ನೀನು ಹಾಸಿಗೆ ಹಿಡಿದ ಮೇಲೆ ತಿಂಗಳುಗಟ್ಟಲೆ ನಿನ್ನ ಜಾಗದಲ್ಲಿ ಸಹಿ ಹಾಕಿದವಳು ನಾನು. ಆ ಕುರ್ಚಿಯ ಬಿಸಿ ಗೊತ್ತು. ಆದರೂ ಕಮಲಮ್ಮ ನನ್ನ ಹೆಸರು ಹೇಳಿದಾಗ ಮೈಯಲ್ಲಿ ಏನೂ ಏಳಲಿಲ್ಲ ಅಕ್ಕ. ಮತ್ತೆ ಆ ಕಾಗದ, ಆ ಜಗಳ, ಬೆಳಗಾದರೆ ಬಾಗಿಲಲ್ಲಿ ನೀರಿಲ್ಲ ಅಂತ ನಿಂತಿರುವ ಜನ... ಅನ್ನಿಸಿತು, ಅಷ್ಟೇ.

"ನಾವು ಹೆಂಗಸ್ರು ಒಂದು ಗಳಿಗೆ ಬೇರೆ ಕೂತ್ಕೊಂಡು ಮಾತಾಡ್ತೀವಿ" ಅಂದೆ. ಮಂಜ ಕೂಡಲೇ ಎದ್ದ, "ರೂಪ ಇಲ್ಲೇ ಇರ್ಲಿ" ಅಂತ. "ನೀನು ಗೆದ್ದಿದ್ಯೇನಪ್ಪಾ, ಅವಳು ಗೆದ್ದಿದ್ದಾ?" ಅಂದೆ. ರಂಗಣ್ಣನಿಗೆ ಎಲ್ಲಿ ಗಲಾಟೆಯಾಗುತ್ತದೋ ಅಂತ ಭಯ. "ಹೋಗ್ಲಿ ಬಿಡಲೇ, ಮಾತಾಡ್ಕೊಂಡು ಬರ್ಲಿ" ಅಂದ. ಗುಲಾಬಿ ತೋಟದ ಕಲ್ಲುಬೆಂಚಿನ ಮೇಲೆ ನಾಲ್ಕು ಜನ ಕೂತೆವು. ರೂಪ, ಕಮಲಮ್ಮ, ಶಂಶಾದ್, ನಾನು. ಎದುರಿನ ಗಿಡ ಕಾಣದಷ್ಟು ಮಂಜು ಕವಿದಿತ್ತು.

"ಅಧ್ಯಕ್ಷೆ ಆದ್ರೆ ಮೊದ್ಲು ಏನ್ ಮಾಡ್ತೀಯಮ್ಮ?" ಅಂತ ರೂಪಳನ್ನು ಕೇಳಿದೆ. ಅವಳು ಸೆರಗಿನ ತುದಿ ಸುತ್ತುತ್ತಾ, "ಮನೇಲಿ ಕೇಳಿ ಹೇಳ್ತೀನಿ ಅತ್ತೆ" ಅಂದಳು. ಅದೇ ಪ್ರಶ್ನೆಯನ್ನು ನನಗೆ ನಾನೇ ಕೇಳಿಕೊಂಡೆ. ಆಗ ಕೆಳಗಿನ ಕಾಲೋನಿಯ ಆ ಬೇಸಿಗೆ ನೆನಪಾಯಿತು. ನೀನು ಶಿವಮೊಗ್ಗದ ಆಸ್ಪತ್ರೆಯಲ್ಲಿದ್ದೆ, ಇದೆಲ್ಲ ನಿನಗೆ ಪೂರ್ತಿ ಗೊತ್ತಿಲ್ಲ. ಅಲ್ಲಿನ ಬೋರ್‌ವೆಲ್ ಬತ್ತಿ ಹೋದಾಗ ನಾನು ಅರ್ಜಿ ಬರೆದು ಕಳಿಸಿ ಸುಮ್ಮನಾಗಿದ್ದೆ. ಶಂಶಾದ್ ಕಾಲೋನಿಯ ಹೆಂಗಸರನ್ನು ಬಸ್ಸು ಹತ್ತಿಸಿಕೊಂಡು ಕಡೂರಿಗೆ ಹೋಗಿ, ಇಂಜಿನಿಯರು ಹೊರಗೆ ಬರುವವರೆಗೂ ಆಫೀಸಿನ ಮೆಟ್ಟಿಲ ಮೇಲೆ ಕೂತಳು. ಪೈಪ್‌ಲೈನ್ ಬಂತು. ಅದು ಅವಳ ವಾರ್ಡೇ ಅಲ್ಲ. ಅಲ್ಲಿ ಅವಳಿಗೆ ಒಂದು ಓಟೂ ಇರಲಿಲ್ಲ.

ಅವಳನ್ನು ಕಂಡರೆ ನಿನಗೆ ಆಗುತ್ತಿರಲಿಲ್ಲ, ಅದನ್ನು ನಾನು ಮರೆತಿಲ್ಲ. ಹೊಸ ಬೋರ್‌ವೆಲ್ಲನ್ನು ನಿಮ್ಮ ಬೀದಿಗೇ ಯಾಕೆ ಹಾಕಿಸಿದಿರಿ ಅಂತ ಅವಳು ತುಂಬಿದ ಸಭೆಯಲ್ಲಿ ಕೇಳಿದ ದಿನ ನಿನ್ನ ಮುಖ ನೋಡಿದ್ದೆ. ಆಮೇಲೆ ನೀನು ಅವಳ ಅಂಗಡಿಗೆ ರವಿಕೆ ಹೊಲಿಯಲು ಕೊಡಲಿಲ್ಲ, ಎದುರಿಗೆ ಬಂದರೆ ಮಾತಾಡಲಿಲ್ಲ. ಹಾಗಿದ್ದೂ ಆ ಬೆಂಚಿನ ಮೇಲೆ ನನ್ನ ಬಾಯಿಂದ ಬಂದ ಹೆಸರು ಅವಳದೇ. ನಿನಗೆ ನೋವಾಗುತ್ತದೆ ಅಂತ ಗೊತ್ತಿತ್ತು. ಆದರೆ ನಮ್ಮಲ್ಲಿ ಆ ಕೆಲಸಕ್ಕೆ ಯಾರು ಯೋಗ್ಯರು ಅಂತ ಕೇಳಿದರೆ, ಸುಳ್ಳು ಹೇಳುವುದಕ್ಕೂ ತ್ರಾಣ ಬೇಕಲ್ಲ ಅಕ್ಕ?

ಕಮಲಮ್ಮ ಬೆಂಚಿನ ಮೇಲೆ ಸರಿದು ಕೂತಳು. ಆಮೇಲೆ, "ಒಳ್ಳೇಳೇ, ಇಲ್ಲ ಅನ್ನಲ್ಲ. ಆದ್ರೆ ಅವ್ರ ಜನ ಊರಲ್ಲಿರೋದು ನಾಲ್ಕು ಮನೆ. ಊರೋರು ಒಪ್ತಾರಾ?" ಅಂದಳು.

ಶಂಶಾದ್‌ಗೆ ಕೋಪ ಬರಲಿಲ್ಲ. "ಎದುರಿಗೇ ಕೇಳಿದ್ರಲ್ಲ ಕಮಲಕ್ಕ, ಒಳ್ಳೇದಾಯ್ತು. ಎಲ್ರೂ ಬೆನ್ನ ಹಿಂದೆ ಕೇಳ್ತಾರೆ" ಅಂದಳು. "ನಮ್ಮಜ್ಜನ ಅಜ್ಜ ನಮ್ಮೂರ ಮಣ್ಣಲ್ಲೇ ಮಲಗವ್ನೆ. ಊರೋರು ಬೈಯೋದಾದ್ರೆ ಬೈಲಿ. ನಾನು ಹೊಲ್ದಿರೋ ರವಿಕೆ ಹಾಕ್ಕೊಂಡೇ ಬೈಬೇಕು."

ಕಮಲಮ್ಮ ನಕ್ಕುಬಿಟ್ಟಳು. ಆ ನಗುವಿನಲ್ಲೇ ಒಪ್ಪಿಗೆಯಾಯಿತು. ರೂಪ ಇನ್ನೂ ಸೆರಗಿನ ತುದಿ ಸುತ್ತುತ್ತಿದ್ದಳು.

ಒಳಗೆ ಹೋಗಿ ಹೇಳಿದಾಗ ಮಂಜ ತಟ್ಟೆಯನ್ನು ನೂಕಿ ಎದ್ದ. "ನಮ್ಮಮ್ಮನ ಮಾತಿಗೆ ಇಷ್ಟೇನಾ ಬೆಲೆ? ಸಾಯೋರ ಕೈ ಹಿಡ್ಕೊಂಡು ಹೂಂ ಅಂದೋರು ನೀವು."

"ನಿಮ್ಮಮ್ಮ ನೋಡ್ಕೋ ಅಂದ್ರು ಕಣಪ್ಪ. ಕುರ್ಚಿ ಕೊಡು ಅನ್ನಲಿಲ್ಲ" ಅಂದೆ. ರಂಗಣ್ಣ ಎರಡೂ ಕಡೆ ನೋಡಿದ. ಕಮಲಮ್ಮ, "ಶಂಶಾದ್ ಆಗ್ದಿದ್ರೆ ನಾನೂ ಗಿರಿಜಕ್ಕನೂ ಓಟಿಗೇ ಬರಲ್ಲ" ಅಂದ ಮೇಲೆ ಅವನಿಗೂ ಬೇರೆ ದಾರಿ ಉಳಿಯಲಿಲ್ಲ. ಮಂಜ ಮಾತ್ರ ತನ್ನ ಮೊಬೈಲನ್ನು ಚೀಲದಿಂದ ಕಿತ್ತುಕೊಂಡು, ಎಲ್ಲಿಂದಲೋ ಜೀಪು ತರಿಸಿ, ರೂಪಳನ್ನು ಹತ್ತಿಸಿಕೊಂಡು ಹೊರಟೇ ಹೋದ. ಜೀಪು ತರೀಕೆರೆಯಲ್ಲಿ ಎದುರು ಗುಂಪಿನವರ ಮನೆ ಮುಂದೆ ನಿಂತಿತ್ತು ಅಂತ ಸಂಜೆಯೊಳಗೆ ಸುದ್ದಿ ಬಂತು. ರಂಗಣ್ಣ ನನ್ನನ್ನು ಬೈಯಲಿಲ್ಲ. "ಮುಗೀತು ಬಿಡಿ" ಅಂದ.

ಅಧ್ಯಕ್ಷರ ಚುನಾವಣೆಯ ದಿನ ರೂಪ ಎದುರಿನವರ ಕಾರಿನಿಂದ ಇಳಿದಳು. ಅವರ ಸಾಲಿನಲ್ಲೇ ಕೂತಳು, ಅವರು ನಿಲ್ಲಿಸಿದ್ದೂ ಅವಳನ್ನೇ. ನಿನ್ನ ಹಸಿರು ರೇಷ್ಮೆ ಸೀರೆ ಉಟ್ಟಿದ್ದಳು, ನೋಡಲಾಗಲಿಲ್ಲ. ಎಲ್ಲರೂ ಒಬ್ಬೊಬ್ಬರಾಗಿ ಮರೆಗೆ ಹೋಗಿ ಚೀಟಿ ಹಾಕಿ ಬಂದೆವು. ಒಂದು ಮತದಿಂದ ಸೋಲುತ್ತೇವೆ ಅಂತ ಲೆಕ್ಕ ಹಾಕಿಕೊಂಡೇ ನಾನು ಕೂತಿದ್ದು. ಚುನಾವಣಾಧಿಕಾರಿ ಎಣಿಸಿ, ಮತ್ತೊಮ್ಮೆ ಎಣಿಸಿ, ಶಂಶಾದ್ ಒಂದು ಮತದಿಂದ ಗೆದ್ದಿದ್ದಾರೆ ಅಂದರು. ಆ ಸಾಲಿನವರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ರೂಪ ನೆಲ ನೋಡುತ್ತಿದ್ದಳು.

ಆಮೇಲೆ ಒಂದು ದಿನ ಅವಳು ಹಿತ್ತಲ ಬಾಗಿಲಿಂದ ನಮ್ಮ ಮನೆಗೆ ಬಂದಳು. ನಾನು ಏನೂ ಕೇಳಲಿಲ್ಲ, ಅವಳೇ ಹೇಳಿದಳು. "ಕೆಮ್ಮಣ್ಣುಗುಂಡೀಲಿ ಕೈ ತೊಳೆಯೋ ಹತ್ರ ಶಂಶಾದಕ್ಕ ಬಂದು, ಅಧ್ಯಕ್ಷೆ ಆಗೋಕೆ ನಿಂಗೆ ಇಷ್ಟ ಇದ್ರೆ ಹೇಳು, ನನ್ನ ಓಟು ನಿಂಗೇ, ಇಷ್ಟ ಐತಾ ಅಂತ ಕೇಳಿದ್ರು ಅತ್ತೆ. ಅಲ್ಲೀತನಕ ನನ್ನ ಅದನ್ನ ಯಾರೂ ಕೇಳಿರಲಿಲ್ಲ." ನಾನೂ ಕೇಳಿರಲಿಲ್ಲ ಅಕ್ಕ. ನೀನು ಕೇಳಿದ್ದೆಯಾ?

"ನೀನು ಅವಳಿಗೆ ಓಟು ಹಾಕಿದ್ದು ಮಂಜಂಗೆ ಗೊತ್ತಾ?" ಅಂದೆ.

"ಗೊತ್ತು. ಮಾತು ಬಿಟ್ಟವ್ರೆ. ಊಟ ಮಾತ್ರ ಮಾಡ್ತಾರೆ" ಅಂದಳು. ಹೇಳುವಾಗ ಅವಳು ಅಳಲಿಲ್ಲ.

ಎಲ್ಲ ಚೆನ್ನಾಗಿದೆ ಅಂತ ಬರೆಯಲಾರೆ. ಶಂಶಾದ್‌ಗೆ ತಾಳ್ಮೆ ಕಡಿಮೆ, ಪಿಡಿಒ ಜೊತೆ ದಿನವೂ ಜಟಾಪಟಿ. ರಂಗಣ್ಣನ ಮುಖ ಇನ್ನೂ ಗಂಟು. ನಿಮ್ಮ ಬೀದಿಯವರು ನನ್ನನ್ನು ಕಂಡರೆ ಬಾಗಿಲು ಮುಂದೆ ಮಾಡುತ್ತಾರೆ. ನನಗೂ ಸಾಕಾಗಿದೆ, ಮುಂದಿನ ಸಲ ನಾನು ನಿಲ್ಲುವುದಿಲ್ಲ.

ನಿನ್ನೆಯ ಸಭೆಯಲ್ಲಿ ರೂಪ ಮೊದಲ ಸಲ ಎದ್ದು ನಿಂತಳು. ನಿಮ್ಮ ಬೀದಿಯ ಅಂಗನವಾಡಿಯ ಸೂರು ಸೋರುತ್ತದೆ, ಮಕ್ಕಳನ್ನು ಒಂದೇ ಮೂಲೆಯಲ್ಲಿ ಕೂರಿಸುತ್ತಾರೆ ಅಂದಳು. ಮಂಜ ಕಿಟಕಿಯ ಆಚೆ ನಿಂತಿದ್ದ, ಅವನ ಕಡೆ ನೋಡದೆ ಮಾತು ಮುಗಿಸಿದಳು. ಕೂತ ಮೇಲೆ ಒಂದು ಲೋಟ ನೀರನ್ನು ಒಂದೇ ಉಸಿರಿಗೆ ಕುಡಿದು, "ಸರಿಯಾಗಿ ಹೇಳಿದ್ನಾ ಅತ್ತೆ?" ಅಂತ ಪಿಸುಗುಟ್ಟಿದಳು. ಸರಿಯಾಗೇ ಹೇಳಿದೆ ಅಂದೆ. ಈ ಅವಧಿ ಮುಗಿಯುವವರೆಗೂ, ಮಂಡಿ ಎಷ್ಟೇ ನೋಯಲಿ, ನಾನು ಅವಳ ಪಕ್ಕದಲ್ಲೇ ಕೂರುತ್ತೇನೆ ಅಕ್ಕ.

ನಿನ್ನ,
ಗಿರಿಜಾ